ಏಳನೇ ದರ್ಜೆಯ ಎಳ್ಳುಕಾಳು: ಹಳೆಯ ಚೀನಾದಲ್ಲಿ ಯಾರು ದೊಡ್ಡವರು?

ಓದುಗರ ಪ್ರಶ್ನೆ: ನಾನು ಚೀನಾದ ರಾಜವಂಶಗಳ ಕಾಲದ ಧಾರಾವಾಹಿಗಳನ್ನು ಸಬ್‌ಟೈಟಲ್ ಓದಿಕೊಂಡು ನೋಡುತ್ತೇನೆ. ಒಬ್ಬನನ್ನು ಮಂತ್ರಿ ಅನ್ನುತ್ತಾರೆ. ಇನ್ನೊಬ್ಬ 'ಮೂರನೇ ದರ್ಜೆ'. ಮತ್ತೊಬ್ಬ 'ಹೌ'. ಇವರಲ್ಲಿ ಯಾರು ದೊಡ್ಡವರು? ಊರಿಗೆ ಊರೇ ಮಂಡಿಯೂರುವ ಅಧಿಕಾರಿಯನ್ನು ರಾಜಧಾನಿಯವರು 'ಏಳನೇ ದರ್ಜೆಯ ಎಳ್ಳುಕಾಳು' ಎಂದು ಹೀಗಳೆಯುವುದೇಕೆ? ಅಲ್ಲೂ ನಮ್ಮ ಹಾಗೆ ಜಾತಿ ಇತ್ತಾ? ಬಡವರ ಮನೆಯ ಹುಡುಗ ಅಧಿಕಾರಿ ಆಗಬಹುದಿತ್ತಾ?

ಉತ್ತರ: ನಿಮ್ಮ ಗೊಂದಲಕ್ಕೆ ಅರ್ಧ ಕಾರಣ ಆ ಸಬ್‌ಟೈಟಲ್‌ಗಳೇ. ಚೀನೀ ಭಾಷೆಯಲ್ಲಿ ಇಪ್ಪತ್ತು ಬೇರೆ ಬೇರೆ ಹೆಸರುಗಳಿರುವ ಕಡೆ ಅನುವಾದದಲ್ಲಿ ಎರಡೋ ಮೂರೋ ಪದ ಉಳಿಯುತ್ತವೆ. ಉಳಿದ ಅರ್ಧ ಕಾರಣ ಇನ್ನೂ ಮುಖ್ಯವಾದದ್ದು. ಒಬ್ಬ ಮನುಷ್ಯ ಒಂದೇ ಏಣಿಯ ಒಂದು ಮೆಟ್ಟಿಲ ಮೇಲೆ ನಿಂತಿರುತ್ತಾನೆ ಎಂದು ನಾವು ಅಂದುಕೊಂಡು ನೋಡುತ್ತೇವೆ. ಅಲ್ಲಿ ಹಾಗಿರಲಿಲ್ಲ. ಅವನು ಒಂದೇ ಸಲ ಮೂರು ನಾಲ್ಕು ಏಣಿಗಳ ಮೇಲಿರುತ್ತಿದ್ದ. ಮಾಡುವ ಹುದ್ದೆ ಒಂದು. ದರ್ಜೆ ಇನ್ನೊಂದು. ಚಕ್ರವರ್ತಿ ಕೊಟ್ಟ ಬಿರುದು ಮತ್ತೊಂದು. ಇವೆಲ್ಲದರ ಹಿಂದೆ ಹುಟ್ಟಿದ ಮನೆತನ. ಒಂದು ಏಣಿಯಲ್ಲಿ ಮೇಲಿದ್ದವನು ಇನ್ನೊಂದರಲ್ಲಿ ತೀರಾ ಕೆಳಗಿರಬಹುದಿತ್ತು.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಟಾಂಗ್ ವಂಶದ ಕಾಲದ (618-907) ಕವಿ ಬಾಯ್ ಜೂಯಿ. 815ರಲ್ಲಿ ರಾಜಧಾನಿ ಚಾಂಗ್‌ಆನ್‌ನಲ್ಲಿ ಒಬ್ಬ ಮುಖ್ಯ ಮಂತ್ರಿಯ ಕೊಲೆಯಾಯಿತು. ಕೊಲೆಗಾರರನ್ನು ಬೇಗ ಹಿಡಿಯಿರಿ ಎಂದು ಬಾಯ್ ಜೂಯಿ ಚಕ್ರವರ್ತಿಗೆ ಪತ್ರ ಬರೆದ. ಅದು ಅವನ ಕೆಲಸವಲ್ಲ ಎಂದು ಆಗದವರು ದೂರು ಹೇಳಿದರು. ಅವನನ್ನು ದಕ್ಷಿಣದ ಜಿಯಾಂಗ್‌ಝೌ ಎಂಬ ಊರಿಗೆ ಅಟ್ಟಿದರು. ಅಲ್ಲಿ ಅವನ ಹುದ್ದೆ ಲೆಕ್ಕದಲ್ಲಿ ಐದನೇ ದರ್ಜೆಯದು. ಆದರೆ ಮುಂದಿನ ವರ್ಷ ಅವನು ಬರೆದ ಪ್ರಸಿದ್ಧ ಕವಿತೆಯ ಕೊನೆಯಲ್ಲಿ, ವಾದ್ಯ ನುಡಿಸುವ ಹೆಂಗಸಿನ ಕಥೆ ಕೇಳಿ ಅತ್ತು ತನ್ನ ನೀಲಿ ನಿಲುವಂಗಿ ತೊಯ್ದುಹೋಯಿತು ಎನ್ನುತ್ತಾನೆ. ಇಲ್ಲೇ ಇರುವುದು ವಿಷಯ. ಐದನೇ ದರ್ಜೆಯವರ ಬಟ್ಟೆ ಕೆಂಪು. ನೀಲಿ ಎಂಟು, ಒಂಬತ್ತನೇ ದರ್ಜೆಯವರದು. ಹಾಗಾದರೆ ಕವಿ ತಪ್ಪು ಬರೆದನೇ?

ಇಲ್ಲ. ಟಾಂಗ್ ಕಾಲದಲ್ಲಿ ಕುರ್ಚಿಗೊಂದು ದರ್ಜೆ ಇತ್ತು, ಕುರ್ಚಿಯಲ್ಲಿ ಕೂತವನಿಗೊಂದು ದರ್ಜೆ ಇತ್ತು. ಎರಡೂ ಬೇರೆ. ಬಟ್ಟೆಯ ಬಣ್ಣ ಕುರ್ಚಿಯನ್ನು ನೋಡುತ್ತಿರಲಿಲ್ಲ, ಕೂತವನ ಸ್ವಂತ ದರ್ಜೆಯನ್ನು ನೋಡುತ್ತಿತ್ತು. ಬಾಯ್ ಜೂಯಿಯ ಸ್ವಂತ ದರ್ಜೆ ಆಗ ಒಂಬತ್ತರ ತೀರಾ ಕೆಳಗಿನ ಮೆಟ್ಟಿಲು. ಅದಕ್ಕೇ ನೀಲಿ. ಆ ಒಂದು ಬಣ್ಣದ ಪದದಲ್ಲಿ ಅವನ ಇಡೀ ಅವಮಾನ ಇತ್ತು. ಅಂದಿನ ಓದುಗರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಈಗ ದರ್ಜೆಯ ವಿಷಯಕ್ಕೆ ಬರೋಣ. ಮೊದಮೊದಲು ದರ್ಜೆಯನ್ನು ಧಾನ್ಯದಲ್ಲಿ ಅಳೆಯುತ್ತಿದ್ದರು. ಹಾನ್ ವಂಶದ ಕಾಲದಲ್ಲಿ, ಅಂದರೆ ಕ್ರಿ.ಪೂ. 202ರಿಂದ ಕ್ರಿ.ಶ. 220ರವರೆಗೆ, ಪ್ರಾಂತ್ಯದ ಅಧಿಕಾರಿಯನ್ನು ಜನ 'ಎರಡು ಸಾವಿರ ಷಿ' ಎಂದೇ ಕರೆಯುತ್ತಿದ್ದರು. ಷಿ ಅಂದರೆ ನಮ್ಮ ಖಂಡುಗದ ಹಾಗೆ ಧಾನ್ಯದ ಒಂದು ಅಳತೆ. ಸಂಬಳದ ಅಳತೆಯೇ ದರ್ಜೆಯ ಹೆಸರಾಗಿತ್ತು. ನಿಜವಾಗಿ ಕೈಗೆ ಬರುವ ಧಾನ್ಯ ಆ ಅಂಕಿಗಿಂತ ಬೇರೆ ಇರುತ್ತಿತ್ತು. 220ರಲ್ಲಿ, ಹಾನ್ ಮುಗಿದ ಮೇಲೆ ಬಂದ ವೇಯ್ ರಾಜ್ಯದ ಚೆನ್ ಚುನ್ ಎಂಬ ಮಂತ್ರಿ ಒಂಬತ್ತು ದರ್ಜೆಗಳ ಪದ್ಧತಿ ತಂದ. ಆಮೇಲೆ ಏನೆಲ್ಲ ಬದಲಾದರೂ ಒಂಬತ್ತು ಎಂಬ ಅಂಕಿ ಮಾತ್ರ ಹೋಗಲಿಲ್ಲ. ಒಂದು ಅಂದರೆ ಮೇಲು, ಒಂಬತ್ತು ಅಂದರೆ ಕೆಳಗೆ. ಮಿಂಗ್ (1368-1644) ಮತ್ತು ಚಿಂಗ್ (1644-1912) ವಂಶಗಳ ಕಾಲದಲ್ಲಿ ಪ್ರತಿ ದರ್ಜೆಯಲ್ಲೂ ಎರಡೆರಡು ಭಾಗ, ಒಟ್ಟು 18 ಮೆಟ್ಟಿಲು. ಟಾಂಗ್ ಕಾಲದಲ್ಲಿ ಇನ್ನೂ ಜಾಸ್ತಿ, 30.

ಧಾರಾವಾಹಿ ನೋಡುವಾಗ ಬಟ್ಟೆಯ ಮೇಲೆ ಕಣ್ಣಿಡಿ. ಟಾಂಗ್ ಕಾಲದ ಕಥೆಯಾದರೆ ನೇರಳೆ ಬಣ್ಣ ಮೂರು ಮತ್ತು ಅದಕ್ಕಿಂತ ಮೇಲಿನ ದರ್ಜೆ. ಕೆಂಪು ನಾಲ್ಕು ಮತ್ತು ಐದು. ಹಸಿರು ಆರು, ಏಳು. ಮಿಂಗ್ ಕಾಲದ ಕಥೆಯಾದರೆ ಎದೆಯ ಮೇಲಿನ ಚೌಕದ ಕಸೂತಿ ನೋಡಿ. 1391ರಲ್ಲಿ ಆದ ನಿಯಮ ಅದು. ಆಡಳಿತದವರಿಗೆ ಹಕ್ಕಿಗಳು, ಸೇನೆಯವರಿಗೆ ಸಿಂಹ, ಹುಲಿ, ಕರಡಿಯಂಥ ಮೃಗಗಳು. ಕೊಕ್ಕರೆಯಂತೆ ಕಾಣುವ ಕ್ರೌಂಚ ಒಂದನೇ ದರ್ಜೆ. ನವಿಲು ಮೂರನೆಯದು. ಚಿಂಗ್ ಕಾಲದಲ್ಲಿ ಟೋಪಿಯ ತುದಿಯ ಗುಂಡಿಯೂ ಸೇರಿಕೊಂಡಿತು. ಮಾಣಿಕ್ಯ ಇದ್ದರೆ ಒಂದನೇ ದರ್ಜೆ, ಬರೀ ಚಿನ್ನದ ಬಣ್ಣದ ಗುಂಡಿ ಇದ್ದರೆ ಏಳು. ಓದು ಬಾರದ ರೈತನಿಗೂ ಎದುರು ಬರುವವನು ಯಾರು ಎಂದು ದೂರದಿಂದಲೇ ಗೊತ್ತಾಗಬೇಕು. ಉದ್ದೇಶ ಅದೇ.

ನೀವು ಕೇಳಿದ 'ಹೌ' ಈ ಏಣಿಯಲ್ಲೇ ಇಲ್ಲ. ಅದು ಬಿರುದು. ಗೋಂಗ್, ಹೌ, ಬೋ, ಝೆ, ನಾನ್ ಎಂಬ ಐದು ಬಿರುದುಗಳ ಸಾಲಿನಲ್ಲಿ ಎರಡನೆಯದು. ಈ ಹೆಸರುಗಳು ಹಾನ್‌ಗಿಂತಲೂ ಹಿಂದಿನ ಝೌ ವಂಶದಷ್ಟು ಹಳೆಯವು. ಝೌ ಕಾಲದಲ್ಲಿ ಹೌ ಅಂದರೆ ನಿಜಕ್ಕೂ ನಾಡನ್ನು ಆಳುವ ಪಾಳೆಯಗಾರ. ಹಾನ್ ಕಾಲಕ್ಕೆ ಬರುವ ಹೊತ್ತಿಗೆ ಅವನಿಗೆ ಇಂತಿಷ್ಟು ಮನೆಗಳ ತೆರಿಗೆ ಮಾತ್ರ. ಆ ಊರನ್ನು ಆಳುವವನು ಸರ್ಕಾರ ಕಳಿಸಿದ ಅಧಿಕಾರಿ. ಆ ತೆರಿಗೆಯೂ ಗಟ್ಟಿ ಅಲ್ಲ. ಕ್ರಿ.ಪೂ. 112ರಲ್ಲಿ ಚಕ್ರವರ್ತಿ ವೂ, ಪೂಜೆಗೆ ಕೊಟ್ಟ ಚಿನ್ನ ಕಳಪೆಯಾಗಿದೆ ಎಂಬ ನೆಪದಲ್ಲಿ ಒಂದೇ ಏಟಿಗೆ 106 ಹೌಗಳ ಬಿರುದು ಕಿತ್ತುಕೊಂಡ. ಹೀಗಾಗಿ 'ಹೌ ದೊಡ್ಡವನೋ, ಮೂರನೇ ದರ್ಜೆಯ ಅಧಿಕಾರಿ ದೊಡ್ಡವನೋ' ಎಂದರೆ ಎಲ್ಲಿ ಎಂದು ಕೇಳಬೇಕು. ಹಬ್ಬದ ಸಾಲಿನಲ್ಲಿ, ಔತಣದಲ್ಲಿ ಹೌ ಮುಂದೆ. ಕಡತದ ಮೇಲೆ ಮುದ್ರೆ ಒತ್ತುವುದು ಅಧಿಕಾರಿ.

ಬಿರುದು ದೊಡ್ಡವರಿಗೆ ಮಾತ್ರ ಎಂದುಕೊಳ್ಳಬೇಡಿ. ಚಿನ್ ರಾಜ್ಯದಲ್ಲಿ ಷಾಂಗ್ ಯಾಂಗ್ ಎಂಬ ಮಂತ್ರಿ ಕ್ರಿ.ಪೂ. ನಾಲ್ಕನೇ ಶತಮಾನದಲ್ಲಿ ತಂದ ನಿಯಮ ಬೆಚ್ಚಿಬೀಳಿಸುವಂಥದು. ಯುದ್ಧದಲ್ಲಿ ಶತ್ರುವಿನ ಒಂದು ತಲೆ ತಂದರೆ ಒಂದು ಮೆಟ್ಟಿಲು ಮೇಲೆ. ಜೊತೆಗೆ ಜಮೀನು, ಮನೆ ಕಟ್ಟಲು ಜಾಗ. ಇಂಥ ಮೆಟ್ಟಿಲುಗಳು ಬೆಳೆದು ಬೆಳೆದು 20 ಆದವು. ರಾಜನ ಬಂಧುವಾದರೂ ಯುದ್ಧದಲ್ಲಿ ಏನೂ ಮಾಡದಿದ್ದರೆ ಪಟ್ಟಿಯಿಂದ ಹೊರಗೆ. ಕ್ರಿ.ಪೂ. 221ರಲ್ಲಿ ಇಡೀ ಚೀನಾವನ್ನು ಗೆದ್ದ ಸೇನೆಯ ಹಿಂದೆ ಇದ್ದದ್ದು ಈ ಲೆಕ್ಕ. ಹಾನ್ ಕಾಲದಲ್ಲಿ ಯುವರಾಜನ ಪಟ್ಟದಂಥ ಸಂತೋಷದ ದಿನ ಸಾಮಾನ್ಯ ರೈತರಿಗೂ ಒಂದೊಂದು ಮೆಟ್ಟಿಲು ಹಂಚುತ್ತಿದ್ದರು. ತಪ್ಪು ಮಾಡಿದಾಗ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳಲು ಅದು ಕೆಲಸಕ್ಕೆ ಬರುತ್ತಿತ್ತು.

'ಮಂತ್ರಿ' ಎಂಬ ಪದದ ಬಗ್ಗೆಯೂ ಒಂದು ಮಾತು. ಚೀನಾದ ಅಧಿಕಾರಿಗಳನ್ನು ಯುರೋಪಿನವರು ಮ್ಯಾಂಡರಿನ್ ಎಂದು ಕರೆದರಲ್ಲ, ಅದು ಚೀನೀ ಪದವೇ ಅಲ್ಲ. ನಮ್ಮ 'ಮಂತ್ರಿ' ಮಲಯ ಭಾಷೆಗೆ ಹೋಗಿ 'ಮೆಂತೆರಿ' ಆಯಿತು. ಅಲ್ಲಿಂದ ಪೋರ್ಚುಗೀಸರ ಬಾಯಿಗೆ ಬಿದ್ದು ಮ್ಯಾಂಡರಿನ್ ಆಯಿತು. ಚೀನೀಯರು ಬಳಸುವ ಪದ 'ಗ್ವಾನ್'.

ಟಾಂಗ್ ಕಾಲದಲ್ಲಿ ಆಡಳಿತದ ತುದಿಯಲ್ಲಿ ಮೂರು ಕಚೇರಿಗಳಿದ್ದವು. ಒಂದು ಆಜ್ಞೆಯ ಕರಡು ಬರೆಯುತ್ತಿತ್ತು. ಎರಡನೆಯದು ಅದನ್ನು ಪರಿಶೀಲಿಸುತ್ತಿತ್ತು, ಸರಿ ಇಲ್ಲದಿದ್ದರೆ ಹಿಂದಕ್ಕೆ ಕಳಿಸುತ್ತಿತ್ತು. ಮೂರನೆಯದು ಜಾರಿ ಮಾಡುತ್ತಿತ್ತು. ಚಕ್ರವರ್ತಿಯ ಹೆಸರಿನ ಆಜ್ಞೆಯನ್ನೂ ತಡೆದು ನಿಲ್ಲಿಸುವ ಕಚೇರಿ ಇತ್ತು ಎನ್ನುವುದನ್ನು ಗಮನಿಸಿ. ಮೂರನೆಯದರ ಕೆಳಗೆ ಆರು ಇಲಾಖೆಗಳು: ನೇಮಕಾತಿ, ಕಂದಾಯ, ವಿಧಿ ಆಚರಣೆ, ಸೇನೆ, ನ್ಯಾಯ, ಕಾಮಗಾರಿ. ಮೂರು ಕಚೇರಿಗಳು ಆಮೇಲೆ ಕರಗಿಹೋದವು. ಆರು ಇಲಾಖೆಗಳು ಮಾತ್ರ 20ನೇ ಶತಮಾನದ ಬಾಗಿಲವರೆಗೆ, ಸುಮಾರು 1,300 ವರ್ಷ ಬಾಳಿದವು. ನೇಮಕಾತಿ ಇಲಾಖೆಯನ್ನೇ ಎಲ್ಲಕ್ಕಿಂತ ಮೇಲು ಎಂದು ಎಣಿಸುತ್ತಿದ್ದರು. ಯಾರಿಗೆ ಯಾವ ಊರು ಎಂದು ನಿರ್ಧರಿಸುವವರು ಅವರೇ ಅಲ್ವಾ.

1380ರಲ್ಲಿ ದೊಡ್ಡ ಬಿರುಕು ಬಿತ್ತು. ಮಿಂಗ್ ವಂಶದ ಮೊದಲ ಚಕ್ರವರ್ತಿ ಹೋಂಗ್‌ವೂ ತನ್ನ ಪ್ರಧಾನ ಮಂತ್ರಿ ಹೂ ವೇಯ್‌ಯೋಂಗ್‌ನನ್ನು ರಾಜದ್ರೋಹದ ಆರೋಪದ ಮೇಲೆ ಕೊಲ್ಲಿಸಿದ. ಆಮೇಲೆ ಆ ಹುದ್ದೆಯನ್ನೇ ರದ್ದು ಮಾಡಿದ. ಇನ್ನು ಮುಂದೆ ಯಾರೂ ಅದನ್ನು ಮತ್ತೆ ತರಬಾರದು ಎಂದು ಕಟ್ಟಪ್ಪಣೆ ಮಾಡಿದ. ಆರು ಇಲಾಖೆಗಳೂ ನೇರ ಅವನ ಕೈಗೆ ಬಂದವು. ಒಬ್ಬ ಮನುಷ್ಯ ಅಷ್ಟು ಕಡತ ಓದಲು ಸಾಧ್ಯವೇ? ಮುಂದಿನ ಚಕ್ರವರ್ತಿಗಳು ಪಕ್ಕದಲ್ಲಿ ಕೆಲವು ಪಂಡಿತರನ್ನು ಇಟ್ಟುಕೊಂಡರು. ಅವರ ಹುದ್ದೆಯ ದರ್ಜೆ ಬರೀ ಐದು. ಆದರೆ ಎಲ್ಲ ಕಡತಗಳೂ ಅವರ ಮೇಜಿನ ಮೇಲಿಂದಲೇ ಹೋಗುತ್ತಿದ್ದವು. ಹೀಗೆ ಎರಡನೇ ದರ್ಜೆಯ ಇಲಾಖಾ ಮುಖ್ಯಸ್ಥರು ಐದನೇ ದರ್ಜೆಯವರ ಮುಖ ನೋಡಬೇಕಾಯಿತು. ಕೊನೆಗೆ ಈ ಪಂಡಿತರಿಗೆ ಬೇರೆ ಬೇರೆ ಗೌರವ ಹುದ್ದೆಗಳನ್ನು ಸೇರಿಸಿ ದರ್ಜೆ ಏರಿಸಿದರು.

ಕಡಿಮೆ ದರ್ಜೆ, ಜಾಸ್ತಿ ಅಧಿಕಾರ. ಇದು ಎಡವಟ್ಟಲ್ಲ, ಎಷ್ಟೋ ಸಲ ಬೇಕೆಂದೇ ಮಾಡಿದ್ದು. ಮಿಂಗ್ ಕಾಲದಲ್ಲಿ 110 ಜನ ತನಿಖಾ ಅಧಿಕಾರಿಗಳಿದ್ದರು. ಎಲ್ಲರೂ ಏಳನೇ ದರ್ಜೆ. ಅವರು ಒಂದನೇ ದರ್ಜೆಯವನ ಮೇಲೂ ನೇರ ಚಕ್ರವರ್ತಿಗೆ ದೂರು ಬರೆಯಬಹುದಿತ್ತು. ಕಳೆದುಕೊಳ್ಳಲು ದೊಡ್ಡದೇನೂ ಇಲ್ಲದ ಕಿರಿಯರಾದರೆ ಧೈರ್ಯವಾಗಿ ಬರೆಯುತ್ತಾರೆ ಎಂಬ ಲೆಕ್ಕ.

ಇನ್ನು ಜಾತಿಯ ಪ್ರಶ್ನೆ. ಷಿ, ನೋಂಗ್, ಗೋಂಗ್, ಷಾಂಗ್ ಎಂಬ ನಾಲ್ಕರ ಪಟ್ಟಿ ನೀವು ಎಲ್ಲೋ ಓದಿರಬಹುದು. ಓದುಬರಹದವರು, ರೈತರು, ಕುಶಲಕರ್ಮಿಗಳು, ವ್ಯಾಪಾರಿಗಳು. ನಾಲ್ಕು ಎಂದ ಕೂಡಲೇ ನಮಗೆ ನಾಲ್ಕು ವರ್ಣ ನೆನಪಾಗುತ್ತದೆ. ಆದರೆ ಇದು ಹುಟ್ಟಿನ ಪಟ್ಟಿ ಅಲ್ಲ, ಕೆಲಸದ ಪಟ್ಟಿ. ರೈತನ ಮಗ ಓದಿದರೆ ಷಿ, ಅಂದರೆ ಓದುಬರಹದವನು, ಆಗುತ್ತಿದ್ದ (ಧಾನ್ಯದ ಅಳತೆಯ ಷಿ ಬೇರೆ). ಒಂದೇ ಮನೆಯಲ್ಲಿ ಅಣ್ಣ ಅಧಿಕಾರಿ, ತಮ್ಮ ವ್ಯಾಪಾರಿ ಇರುತ್ತಿದ್ದರು. ವ್ಯಾಪಾರಿಗಳನ್ನು ಕೊನೆಗಿಟ್ಟದ್ದು ಅವರ ಕೈಯಲ್ಲಿದ್ದ ದುಡ್ಡಿನ ಭಯಕ್ಕೆ. ಹಾನ್ ವಂಶದ ಮೊದಲ ಚಕ್ರವರ್ತಿ ವ್ಯಾಪಾರಿಗಳು ರೇಷ್ಮೆ ಉಡಬಾರದು, ಗಾಡಿಯಲ್ಲಿ ಓಡಾಡಬಾರದು ಎಂದ. ಹೋಂಗ್‌ವೂ ಇನ್ನೂ ಮುಂದೆ ಹೋದ. ರೈತ ರೇಷ್ಮೆ ಉಡಬಹುದು, ಆದರೆ ಆ ಮನೆಯಲ್ಲಿ ಒಬ್ಬ ವ್ಯಾಪಾರಕ್ಕೆ ಇಳಿದರೂ ಮನೆಯವರು ಯಾರೂ ಉಡುವ ಹಾಗಿಲ್ಲ. ಇನ್ನೂರು ವರ್ಷ ಕಳೆಯುವುದರಲ್ಲಿ ಉಪ್ಪಿನ ವ್ಯಾಪಾರಿಗಳು ಬೇಕಾದ್ದು ಉಡುತ್ತಿದ್ದರು. ಅವರ ಮಕ್ಕಳು ಪರೀಕ್ಷೆ ಬರೆದು ಅಧಿಕಾರಿಗಳಾಗುತ್ತಿದ್ದರು.

ಹಾಗೆಂದು ಹುಟ್ಟಿಗೆ ಬೆಲೆ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಚೆನ್ ಚುನ್ ತಂದ ಒಂಬತ್ತು ದರ್ಜೆಯ ಪದ್ಧತಿ ಯೋಗ್ಯರನ್ನು ಹುಡುಕಲು ಹುಟ್ಟಿದ್ದು. ಆದರೆ ಯೋಗ್ಯತೆ ಅಳೆಯುವ ಕೆಲಸ ಆಯಾ ಊರಿನ ದೊಡ್ಡ ಮನೆಗಳ ಕೈಗೆ ಬಂತು. ಕೆಲವೇ ದಶಕಗಳಲ್ಲಿ ಜನ ಹೇಳಿಕೊಳ್ಳತೊಡಗಿದರು: ಮೇಲಿನ ದರ್ಜೆಯಲ್ಲಿ ಬಡ ಮನೆಯವರಿಲ್ಲ, ಕೆಳಗಿನ ದರ್ಜೆಯಲ್ಲಿ ಬಲಾಢ್ಯರ ಮನೆಯವರಿಲ್ಲ. ಈ ದೊಡ್ಡ ಮನೆಗಳು ತಮ್ಮ ತಮ್ಮಲ್ಲೇ ಹೆಣ್ಣು ಕೊಟ್ಟು ತರುತ್ತಿದ್ದವು. ಟಾಂಗ್ ಚಕ್ರವರ್ತಿ ತೈಜೋಂಗ್ ಮನೆತನಗಳ ಪಟ್ಟಿ ಮಾಡಿ ಎಂದು ಹೇಳಿದಾಗ, ಪಂಡಿತರು ತಂದ ಕರಡಿನಲ್ಲಿ ಮೊದಲ ಹೆಸರು ತ್ಸುಯಿ ಎಂಬ ಮನೆತನದ್ದು, ಚಕ್ರವರ್ತಿಯದಲ್ಲ. ಅವನಿಗೆ ಸಿಟ್ಟು ಬಂತು. ಈಗಿನ ಹುದ್ದೆ ನೋಡಿ ಬರೆಯಿರಿ ಎಂದು ಹಿಂದಕ್ಕೆ ಕಳಿಸಿದ. 638ರಲ್ಲಿ ಮುಗಿದ ಪಟ್ಟಿಯಲ್ಲಿ ತ್ಸುಯಿ ಮೂರನೆಯ ಸಾಲಿಗೆ ಇಳಿಯಿತು. ಆದರೂ ಮುಂದೆ ಎಷ್ಟೋ ಕಾಲ ಜನ ಹೆಣ್ಣು ಕೊಡಲು ಹುಡುಕುತ್ತಿದ್ದದ್ದು ಆ ಹಳೆಯ ಮನೆಗಳನ್ನೇ.

ಈ ತೈಜೋಂಗ್‌ನ ಹೆಸರು ಬಂದಾಗ ಹ್ಯೂಯೆನ್ ತ್ಸಾಂಗ್ ನೆನಪಾಗುತ್ತಾನೆ. ಇಮ್ಮಡಿ ಪುಲಕೇಶಿಯ ನಾಡಿನ ಬಗ್ಗೆ ಬರೆದಿಟ್ಟ ಆ ಯಾತ್ರಿಕ ಭಾರತದಿಂದ 645ರಲ್ಲಿ ವಾಪಸ್ ಹೋದ. ಆಗ ಚಕ್ರವರ್ತಿ ಅವನಿಗೆ ಕೊಡಲು ಹೋದದ್ದು ಸರ್ಕಾರಿ ಹುದ್ದೆ. ಸನ್ಯಾಸ ಬಿಟ್ಟು ನನಗೆ ಆಡಳಿತದಲ್ಲಿ ನೆರವಾಗು ಎಂದ. ಅವನು ಒಪ್ಪಲಿಲ್ಲ, ತಂದ ಗ್ರಂಥಗಳ ಅನುವಾದಕ್ಕೆ ಕೂತ. ಅಧಿಕಾರಿ ಆಗುವುದಕ್ಕಿಂತ ದೊಡ್ಡ ಬಹುಮಾನ ಆ ಕಾಲದ ಚೀನಾಕ್ಕೆ ಹೊಳೆಯುತ್ತಲೇ ಇರಲಿಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ.

ನಾಲ್ಕರ ಪಟ್ಟಿಯ ಹೊರಗೆ, ಎಲ್ಲರಿಗಿಂತ ಕೆಳಗೆ, ಇನ್ನೂ ಒಂದು ಗುಂಪು ಇತ್ತು. ಕಾನೂನು ಜನರನ್ನು 'ಒಳ್ಳೆಯವರು', 'ಹೀನರು' ಎಂದು ಎರಡು ಮಾಡಿತ್ತು. ಗುಲಾಮರು, ವೇಶ್ಯೆಯರು, ನಟರು, ಕೆಲವು ವಾದ್ಯಗಾರರ ಮನೆತನಗಳು ಹೀನರ ಪಟ್ಟಿಯಲ್ಲಿದ್ದವು. ಅವರು ಪರೀಕ್ಷೆಗೆ ಕೂರುವಂತಿಲ್ಲ. ಒಳ್ಳೆಯವರ ಮನೆಯಲ್ಲಿ ಮದುವೆ ಆಗುವಂತಿಲ್ಲ. ಮಕ್ಕಳಿಗೂ ಅದೇ ಗತಿ. ಜಾತಿಗೆ ಹೋಲಿಸುವುದಾದರೆ ಹೋಲಿಸಬೇಕಾದದ್ದು ಇದನ್ನೇ. ವಾದ್ಯಗಾರರ ಮನೆತನಗಳನ್ನು ಈ ಪಟ್ಟಿಯಿಂದ ಬಿಡಿಸಿದ್ದು 1723ರಲ್ಲಿ, ಚಿಂಗ್ ಚಕ್ರವರ್ತಿ ಯೋಂಗ್‌ಝೆಂಗ್. ಚೀನಾ ಎಂದರೆ ಬರೀ ಪ್ರತಿಭೆಗೆ ಮಣೆ ಎಂದು ಹೊಗಳುವವರು ಈ ಮನೆಗಳನ್ನು ಮರೆಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ.

ಬಡ ಹುಡುಗನ ಪ್ರಶ್ನೆಗೆ ಉತ್ತರ: ಆಗಬಹುದಿತ್ತು, ಕಷ್ಟವಿತ್ತು. ಅಧಿಕಾರಿಗಳನ್ನು ಆರಿಸುವ ಪರೀಕ್ಷೆ ಟಾಂಗ್‌ಗಿಂತ ಮುಂಚಿನ ಸುಯಿ ವಂಶದ ಕಾಲದಲ್ಲಿ ಶುರುವಾಯಿತು. ಟಾಂಗ್ ಕಾಲದಲ್ಲಿ ಮೇಲಿನ ಪರೀಕ್ಷೆ ಗೆಲ್ಲುವವರು ಸಾಮಾನ್ಯವಾಗಿ ವರ್ಷಕ್ಕೆ 20-30 ಜನ. ಉತ್ತರದ ಮೇಲೆ ಹೆಸರು ಕಾಣುತ್ತಿತ್ತು, ಶಿಫಾರಸು ನಡೆಯುತ್ತಿತ್ತು. ಸುಂಗ್ ವಂಶದ ಕಾಲದಲ್ಲಿ (960-1279) ಎರಡು ಬದಲಾವಣೆ ಬಂದವು. ಉತ್ತರ ಪತ್ರಿಕೆಯ ಹೆಸರನ್ನು ಮುಚ್ಚಿ ಅಂಟಿಸಿದರು. ಆಮೇಲೆ ಕೈಬರಹ ನೋಡಿ ಗುರುತು ಹಿಡಿಯಬಾರದು ಎಂದು ಗುಮಾಸ್ತರಿಂದ ಪ್ರತಿ ಪತ್ರಿಕೆಯನ್ನೂ ಬೇರೆ ಹಾಳೆಗೆ ಬರೆಸಿದರು. ಸಾವಿರ ವರ್ಷದ ಹಿಂದೆ! ಫಾನ್ ಝೋಂಗ್‌ಯಾನ್ ಎಂಬ ಹೆಸರು ನೆನಪಿಟ್ಟುಕೊಳ್ಳಿ. ಎಳೆಯ ಮಗುವಾಗಿದ್ದಾಗಲೇ ತಂದೆ ಸತ್ತರು. ತಣ್ಣಗೆ ಗಟ್ಟಿಯಾದ ಗಂಜಿಯನ್ನು ತುಂಡು ಮಾಡಿಕೊಂಡು, ಹೊತ್ತಿಗೆ ಇಷ್ಟು ಎಂದು ತಿಂದು ಓದಿದ ಎಂದು ಹೇಳುತ್ತಾರೆ. 1015ರಲ್ಲಿ ಪರೀಕ್ಷೆ ಗೆದ್ದ, ಮುಂದೆ ಉಪ ಪ್ರಧಾನ ಮಂತ್ರಿಯ ಮಟ್ಟಕ್ಕೆ ಏರಿದ. ಆದರೆ ಒಬ್ಬ ಫಾನ್‌ನ ಹಿಂದೆ, ಹತ್ತಿಪ್ಪತ್ತು ವರ್ಷ ಓದಿ ಬರಿಗೈಲಿ ಮನೆಗೆ ಹೋದವರು ಎಷ್ಟೋ ಸಾವಿರ. ಚಿಂಗ್ ಕಾಲದ ನಾನ್‌ಜಿಂಗ್ ಪರೀಕ್ಷಾ ಕೇಂದ್ರದಲ್ಲಿ 20 ಸಾವಿರಕ್ಕೂ ಹೆಚ್ಚು ಚಿಕ್ಕ ಗೂಡುಗಳಿದ್ದವು. ಒಂದೊಂದರಲ್ಲಿ ಒಬ್ಬೊಬ್ಬ. ತೇರ್ಗಡೆ ಆಗುವವರು ನೂರರ ಲೆಕ್ಕದಲ್ಲಿ. ಗಂಡಸರಿಗೆ ಮಾತ್ರ ಈ ಬಾಗಿಲು ಎಂದು ಬೇರೆ ಹೇಳಬೇಕಿಲ್ಲ. 1905ರಲ್ಲಿ ಪರೀಕ್ಷೆ ನಿಂತಿತು.

ಕೊನೆಗೆ ನಿಮ್ಮ ಎಳ್ಳುಕಾಳು. ಅವನು ಕೌಂಟಿಯ ಅಧಿಕಾರಿ. ನಮ್ಮ ತಾಲ್ಲೂಕಿನ ಹಾಗೆ ಎಂದುಕೊಳ್ಳಿ, ಅವರು 'ಷಿಯೆನ್' ಎನ್ನುತ್ತಾರೆ. ಚಿಂಗ್ ಕಾಲದಲ್ಲಿ ಇಡೀ ದೇಶದಲ್ಲಿ ಇಂಥವು ಸುಮಾರು 1,300. ಒಂದೊಂದರಲ್ಲಿ ಎರಡು ಮೂರು ಲಕ್ಷ ಜನ ಇರುತ್ತಿದ್ದರು. ಅಷ್ಟು ಜನಕ್ಕೆ ತೆರಿಗೆ ಎತ್ತುವವನು, ನ್ಯಾಯ ಹೇಳುವವನು, ಕೊಲೆ ತನಿಖೆ ಮಾಡುವವನು, ಕಾಲುವೆ ನೋಡುವವನು, ಬರ ಬಂದಾಗ ಉಗ್ರಾಣ ತೆಗೆಸುವವನು ಒಬ್ಬನೇ. ಜನ ಅವನನ್ನು 'ತಂದೆತಾಯಿ ಅಧಿಕಾರಿ' ಎಂದು ಕರೆಯುತ್ತಿದ್ದರು. ರಾಜಧಾನಿಯಿಂದ ನೋಡಿದರೆ 18 ಮೆಟ್ಟಿಲಲ್ಲಿ ಕೆಳಗಿನ ಕಡೆ ನಿಂತವನು. ಹಳ್ಳಿಯಿಂದ ನೋಡಿದರೆ ಅವನೇ ಸರ್ಕಾರ.

ಅವನನ್ನು ಸ್ವಂತ ಪ್ರಾಂತ್ಯದಲ್ಲಿ ನೇಮಿಸುವಂತಿರಲಿಲ್ಲ. ನೆಂಟರಿಷ್ಟರ ಕಾಟ ಇರಬಾರದು ಎಂದು. ಇದರ ಫಲ ಏನೆಂದರೆ ಎಷ್ಟೋ ಸಲ ಅವನಿಗೆ ಆ ಊರಿನ ಮಾತೇ ತಿಳಿಯುತ್ತಿರಲಿಲ್ಲ. ಕೆಲವು ವರ್ಷಕ್ಕೆ ವರ್ಗ ಬೇರೆ. ಹಾಗಾಗಿ ಕಚೇರಿಯ ಗುಟ್ಟು ಗೊತ್ತಿದ್ದದ್ದು ಗುಮಾಸ್ತರಿಗೆ. ಅವರನ್ನು 'ಲಿ' ಎನ್ನುತ್ತಿದ್ದರು. ಗ್ವಾನ್ ಮತ್ತು ಲಿ ನಡುವೆ ದೊಡ್ಡ ಗೋಡೆ ಇತ್ತು. ಲಿಗೆ ದರ್ಜೆ ಇಲ್ಲ. ಆದರೆ ಅವನು ಅದೇ ಊರಿನವನು, ಅಲ್ಲೇ ಇರುವವನು, ಎಲ್ಲ ಕಡತ ಅವನ ಕೈಯಲ್ಲೇ. ಇನ್ನೂ ಕೆಳಗೆ ಜನರನ್ನು ಹಿಡಿದು ತರುವ ಕಚೇರಿ ಆಳುಗಳು. ಅವರಲ್ಲಿ ಬಹಳ ಜನ ಕಾನೂನಿನ ಕಣ್ಣಲ್ಲಿ 'ಹೀನರು'. ಹಳ್ಳಿಯವರು ನಡುಗುತ್ತಿದ್ದದ್ದು ಅವರಿಗೇ. ಚಿಂಗ್ ಕಾಲದಲ್ಲಿ ಈ ಏಳನೇ ದರ್ಜೆಯವನ ಮೂಲ ಸಂಬಳ ವರ್ಷಕ್ಕೆ 45 ಲಿಯಾಂಗ್ ಬೆಳ್ಳಿ. ಲಿಯಾಂಗ್ ಅಂದರೆ ಬೆಳ್ಳಿ ತೂಗುವ ಒಂದು ಅಳತೆ. ತನಗೆ ಸಲಹೆ ಕೊಡುವ ಕಾನೂನು ಬಲ್ಲವರಿಗೂ ಅವನೇ ಕೈಯಿಂದ ಸಂಬಳ ಕೊಡಬೇಕು. ಲಂಚಕ್ಕೆ ದಾರಿ ಇಲ್ಲೇ ತೆರೆದಿತ್ತು. ಅದನ್ನು ಕಂಡು ಯೋಂಗ್‌ಝೆಂಗ್ 'ಪ್ರಾಮಾಣಿಕತೆ ಸಾಕುವ ಬೆಳ್ಳಿ' ಎಂಬ ಹೆಸರಿನಲ್ಲಿ ಮೂಲ ಸಂಬಳದ ಎಷ್ಟೋ ಪಟ್ಟು ಭತ್ಯೆ ಕೊಡಿಸಿದ.

ಎಳ್ಳುಕಾಳು ಎಂಬ ಮಾತು ಕೇಳಿದಾಗಲೆಲ್ಲ ನನಗೆ ಮಿಂಗ್ ಕಾಲದ ಹಾಯ್ ರುಯಿ ನೆನಪಾಗುತ್ತಾನೆ. ದಕ್ಷಿಣದ ತುದಿಯ ಹಾಯ್‌ನಾನ್ ದ್ವೀಪದವನು. ಚಿಕ್ಕಂದಿನಲ್ಲೇ ತಂದೆ ಹೋದರು, ತಾಯಿ ಸಾಕಿದರು. ಪ್ರಾಂತ್ಯದ ಪರೀಕ್ಷೆ ಗೆದ್ದ, ಅದರ ಮೇಲಿನದರಲ್ಲಿ ಸೋತ. ಮೊದಲ ಕೆಲಸ ಒಂದು ಷಿಯೆನ್‌ನ ಶಾಲೆಯಲ್ಲಿ ಮೇಷ್ಟ್ರು. ಅದಕ್ಕೆ ಒಂಬತ್ತನೇ ದರ್ಜೆಯೂ ಇಲ್ಲ, ಏಣಿಯ ಹೊರಗಿನ ಕೆಲಸ. 1558ರಲ್ಲಿ ಚುನ್‌ಆನ್ ಎಂಬ ಊರಿಗೆ ಏಳನೇ ದರ್ಜೆಯ ಅಧಿಕಾರಿಯಾಗಿ ಬಂದ. ಆಗಿನ ಲೆಕ್ಕದಲ್ಲಿ ಸಂಬಳ ವರ್ಷಕ್ಕೆ 90 ಷಿ ಅಕ್ಕಿ. ಒಂದನೇ ದರ್ಜೆಯವರಿಗೆ 1,044. ಹಾಯ್ ರುಯಿ ಒರಟು ಬಟ್ಟೆ ಉಡುತ್ತಿದ್ದ, ಮನೆಯ ಮುದಿ ಆಳು ಬೆಳೆದ ತರಕಾರಿ ತಿನ್ನುತ್ತಿದ್ದ. ತಾಯಿಯ ಹುಟ್ಟುಹಬ್ಬಕ್ಕೆ ಒಂದು ಸಲ ಎರಡು ಜಿನ್ ಮಾಂಸ ಕೊಂಡ. ಹೆಚ್ಚೂಕಡಿಮೆ ಒಂದು ಕಿಲೋ. ಅದು ಎಷ್ಟು ದೊಡ್ಡ ಸುದ್ದಿಯಾಯಿತು ಅಂದರೆ, ಪ್ರಾಂತ್ಯವನ್ನು ನೋಡಿಕೊಳ್ಳುತ್ತಿದ್ದ ಹೂ ಝೋಂಗ್‌ಷಿಯೆನ್ 'ಹಾಯ್ ರುಯಿ ತಾಯಿಗೆ ಮಾಂಸ ಕೊಂಡನಂತೆ' ಎಂದು ಜೊತೆಯವರಿಗೆ ಹೇಳಿಕೊಂಡನಂತೆ.

1566ರಲ್ಲಿ ಅವನು ಕಂದಾಯ ಇಲಾಖೆಯಲ್ಲಿ ಆರನೇ ದರ್ಜೆಯವನು. ಚಕ್ರವರ್ತಿ ಜಿಯಾಜಿಂಗ್ ವರ್ಷಗಟ್ಟಲೆ ಆಸ್ಥಾನಕ್ಕೆ ಬಾರದೆ ಸಾವಿಲ್ಲದ ಮದ್ದು ಹುಡುಕುತ್ತಾ ಕೂತಿದ್ದ. ಹಾಯ್ ರುಯಿ ಅವನ ತಪ್ಪುಗಳನ್ನೆಲ್ಲ ನೇರವಾಗಿ ಬರೆದು ಕಳಿಸಿದ. ಕಳಿಸುವ ಮುಂಚೆ ಶವಪೆಟ್ಟಿಗೆ ಕೊಂಡಿಟ್ಟುಕೊಂಡು ಹೆಂಡತಿ ಮಕ್ಕಳಿಗೆ ವಿದಾಯ ಹೇಳಿದ್ದ. ಸೆರೆಮನೆಗೆ ಹಾಕಿದರು. 1567ರ ಜನವರಿಯಲ್ಲಿ ಚಕ್ರವರ್ತಿಯೇ ತೀರಿಕೊಂಡ, ಹಾಯ್ ರುಯಿ ಹೊರಗೆ ಬಂದ.

1587ರಲ್ಲಿ ನಾನ್‌ಜಿಂಗ್‌ನಲ್ಲಿ ಸತ್ತಾಗ ಅವನು ಎರಡನೇ ದರ್ಜೆಯ ಅಧಿಕಾರಿ. ನೋಡಲು ಬಂದ ಜೊತೆಯ ಅಧಿಕಾರಿಗೆ ಮನೆಯಲ್ಲಿ ಕಂಡದ್ದು ಒರಟು ನಾರಿನ ಪರದೆ, ಹರಿದ ಬಿದಿರು ಪೆಟ್ಟಿಗೆ. ಅತ್ತುಬಿಟ್ಟ. ಶವಸಂಸ್ಕಾರಕ್ಕೆ ತಾನೇ ಹಣ ಕೂಡಿಸಿದ. ಶವವನ್ನು ದೋಣಿಯಲ್ಲಿ ಊರಿಗೆ ಕಳಿಸಿದ ದಿನ ನಾನ್‌ಜಿಂಗ್‌ನಲ್ಲಿ ಅಂಗಡಿಗಳು ಮುಚ್ಚಿದ್ದವು. ನದಿಯ ಎರಡೂ ದಡದಲ್ಲಿ ಜನ ಸಾವಿನ ಬಿಳಿ ಬಟ್ಟೆ ಉಟ್ಟು ನಿಂತಿದ್ದರು.